ಬೆತ್ತಲೆ ಹೊಲಕ್ಕೆ ಹಸಿರು ಹೊದಿಕೆ

"ಸಾಹೇಬರ, ಹೊಲದಾಗ ಬೆಳದದ್ದನ್ನ ಹೊಲದಾಗನ ಹೂಳಾಕ ನಮಗೇನ ಹುಚ್ಚ ಹಿಡದೈತೇನ್ರಿ?" ಕಲಘಟಗಿ ತಾಲ್ಲೂಕಿನ ದುಮ್ಮವಾಡದಲ್ಲಿ ಸೆಣಬಿನ ಮಾತು ತೆಗೆದಾಗ ಹಿರಿಯ ರೈತರೊಬ್ಬರು ಹೀಗೆ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಬೀಜದ ಖರ್ಚು, ಉಳುಮೆಯ ಖರ್ಚು, ಮೇಲಾಗಿ ಒಂದು ಹಂಗಾಮು ಕೈಬಿಟ್ಟು ಹೋಗುವ ಭಯ.

ಲೆಕ್ಕ ಹಾಕಿ ನೋಡೋಣ. ಚೆನ್ನಾಗಿ ಬಂದ ಸೆಣಬು ಎಕರೆಗೆ ಸುಮಾರು 6 ಟನ್ ಹಸಿರು ಸೊಪ್ಪು ಕೊಡುತ್ತದೆ. ಅದರಲ್ಲಿರುವ ಸಾರಜನಕ ಹೆಚ್ಚು ಕಡಿಮೆ 25 ಕಿಲೋ. 45 ಕಿಲೋದ ಒಂದು ಯೂರಿಯಾ ಚೀಲದಲ್ಲಿ 21 ಕಿಲೋ ಸಾರಜನಕ ಇರುತ್ತದೆ. ಅಂದರೆ ಒಂದು ಚೀಲಕ್ಕಿಂತ ತುಸು ಹೆಚ್ಚು. ಅದೂ ಪೂರ್ತಿ ಮುಂದಿನ ಬೆಳೆಗೆ ದಕ್ಕುವುದಿಲ್ಲ. ಸರ್ಕಾರದ ಸಹಾಯಧನದಿಂದ ಯೂರಿಯಾ ಅಗ್ಗವಾಗಿರುವಾಗ, ಬರೀ ಸಾರಜನಕದ ಆಸೆಗೆ ಹಂಗಾಮು ಕಳೆದುಕೊಳ್ಳಿರೆಂದು ನಾನು ಹೇಳಲಾರೆ.

ಆದರೆ ಯೂರಿಯಾ ಚೀಲ ಮಾಡಲಾರದ ಕೆಲಸವೊಂದಿದೆ. ಮುಂಗಾರಿಯ ಮೊದಲ ದೊಡ್ಡ ಮಳೆಗಳು ಬೀಳುವಾಗ ಹರಗಿದ ಹೊಲ ಬೆತ್ತಲೆಯಾಗಿರುತ್ತದೆ. ಹನಿಯ ಪೆಟ್ಟಿಗೆ ಮಣ್ಣಿನ ಹೆಂಟೆ ಒಡೆದು, ನುಣ್ಣನೆಯ ಕಣ ರಂಧ್ರಗಳನ್ನು ಮುಚ್ಚಿ, ನೀರು ಇಂಗದೆ ಹರಿಯುತ್ತದೆ. ಕೆಂಪು ಮಸಾರಿ ಹೊಲಗಳಿಂದ ಇಳಿಯುವ ಆ ರಾಡಿ ನೀರನ್ನು ದುಮ್ಮವಾಡದ ಸಮೀಪದ ನೀರಸಾಗರದ ಕಡೆ ಹೋಗುವ ಹಳ್ಳಗಳಲ್ಲಿ ನೋಡಿದವರಿಗೆ ಬೇರೆ ಪುರಾವೆ ಬೇಡ. ಹರಿದು ಹೋಗುವುದು ಮೇಲ್ಮಣ್ಣು. ಸೇಂದ್ರಿಯ ಅಂಶ ಹೆಚ್ಚಾಗಿರುವುದೂ ಅದರಲ್ಲೇ. ಎಲೆಯ ಹೊದಿಕೆ ಹನಿಯ ಪೆಟ್ಟನ್ನು ತಾನು ತಿನ್ನುತ್ತದೆ, ಬೇರು ಮಣ್ಣನ್ನು ಹಿಡಿಯುತ್ತದೆ.

ಹಾಗಾದರೆ ಹಂಗಾಮು ಕಳೆಯದೆ ಹೊದಿಕೆ ಹೇಗೆ? ಗೋವಿನಜೋಳದಲ್ಲಿ ಇದು ಸುಲಭ. ಎರಡು ಅಡಿ ಅಂತರದ ಸಾಲುಗಳ ನಡುವೆ ಒಂದು ಸಾಲು ಸೆಣಬು ಅಥವಾ ಅಲಸಂದಿಯನ್ನು ಜೊತೆಯಲ್ಲೇ ಬಿತ್ತಿ, 30ರಿಂದ 35 ದಿನಕ್ಕೆ ಕೊಯ್ದು ಸಾಲಿನಲ್ಲೇ ಹಾಸಿ, ಎಡೆ ಹೊಡೆದು ಮಣ್ಣು ಮುಚ್ಚಿರಿ. ಇನ್ನೂ ಹತ್ತು ದಿನ ಇರಲಿ ಎಂಬ ಆಸೆ ಬೇಡ. ಆಮೇಲೆ ಅದು ಗೋವಿನಜೋಳದ ನೀರಿಗೆ, ಬೆಳಕಿಗೆ ಪೈಪೋಟಿ ಮಾಡುತ್ತದೆ. ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ತೇವಕ್ಕೆ ಹುರಳಿ ಸಾಕು.

ನವಲಗುಂದ, ಅಣ್ಣಿಗೇರಿಯ ಎರೆ ಭೂಮಿಯ ಮಾತು ಬೇರೆ. ಅಲ್ಲಿ ಮುಂಗಾರಿ ಹೆಸರಿನ ಕಾಯಿ ಬಿಡಿಸಿಕೊಂಡು, ಹೊಟ್ಟನ್ನು ಹೊರಗೆ ಒಯ್ಯದೆ ಹಸಿಯಿದ್ದಾಗಲೇ ಮಣ್ಣಿಗೆ ಸೇರಿಸಿ, ಹಿಂಗಾರಿ ಕಡಲೆ, ಜೋಳಕ್ಕೆ ಹೊಲ ಸಿದ್ಧಮಾಡುವುದೇ ಜಾಣತನ. ಕಾಳೂ ಬಂತು, ಗೊಬ್ಬರವೂ ಬಂತು. ಮುಂಗಾರಿಯಲ್ಲಿ ಬೀಳು ಬಿಡುವ ಹೊಲಕ್ಕೆ ಮಾತ್ರ ಸೆಣಬು: ಎಕರೆಗೆ 15ರಿಂದ 20 ಕಿಲೋ ಬೀಜ, ಹೂ ಮೊಗ್ಗಿನ ಕಾಲಕ್ಕೆ, ಅಂದರೆ 45ರಿಂದ 50 ದಿನಕ್ಕೆ ಮುರಿಯಬೇಕು. ತಡವಾದರೆ ಕಾಂಡ ನಾರಾಗುತ್ತದೆ. ಹಗ್ಗ ಹೊಸೆಯುವ ಗಿಡವಲ್ಲವೇ! ನಾರಾದ ಕಾಂಡ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕೆಲಕಾಲ ಹಿಡಿದಿಟ್ಟುಕೊಂಡು, ಮುಂದಿನ ಬೆಳೆ ಹಳದಿಗಟ್ಟುತ್ತದೆ. ಕೊಳೆಯಲು ಮೂರು ವಾರ ಮತ್ತು ತೇವ ಬೇಕು. ಆಗಸ್ಟ್ ಕೊನೆಯೊಳಗೆ ಮುರಿಯಿರಿ. ಮಳೆ ಕೈಕೊಟ್ಟರೆ ಹೂಳುವ ಹಟ ಬಿಟ್ಟು, ಕೊಯ್ದು ಮೇಲೆ ಹರಡಿರಿ. ಇರುವ ಹಸಿಯಾದರೂ ಆರದೆ ಉಳಿಯುತ್ತದೆ.

ಬಹಳ ಜನ ಮರೆಯುವ ಸಂಗತಿ ರಂಜಕ. ಮುಂದಿನ ಬೆಳೆಗೆ ಕೊಡಬೇಕಾದ ಸೂಪರ್ ಫಾಸ್ಫೇಟಿನಲ್ಲಿ ಸ್ವಲ್ಪವನ್ನು ಸೆಣಬಿಗೇ ಕೊಟ್ಟರೆ ಬೇರಿನ ಗಂಟುಗಳು ಚೆನ್ನಾಗಿ ಕಟ್ಟುತ್ತವೆ. ತಿಂಗಳಾದ ಮೇಲೆ ಒಂದು ಗಿಡ ಕಿತ್ತು ಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ಕೆಂಪಗಿದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಬಿಳಿಚಿಕೊಂಡಿದ್ದರೆ ಇಲ್ಲ, ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಲೇಪಿಸಿ.

ಬೀಜ ಕೊಳ್ಳುವುದು ಭಾರವೆನಿಸಿದರೆ ಹೊಲದ ಒಂದು ಮೂಲೆಯನ್ನು ಮುರಿಯದೆ ಬಿಡಿ. ಸೆಣಬಿನ ಕಾಯಿ ಕಟ್ಟಲು ಜೇನು, ದುಂಬಿ ಬರಲೇಬೇಕು. ಹೂ ಇರುವಾಗ ಅಲ್ಲಿ ಔಷಧ ಸಿಂಪಡಿಸಬೇಡಿ. ಕಾಯಿ ಒಣಗಿ, ಅಲ್ಲಾಡಿಸಿದರೆ ಗಲಗಲ ಸದ್ದು ಬಂದಾಗ ಕೊಯ್ಯಿರಿ.