ಧ್ರುವದ ಆಚೆಯ ಊರು ಎಷ್ಟು ದೂರ?

ಪ್ರಪಂಚದ ಭೂಪಟದಲ್ಲಿ ಎರಡು ಊರುಗಳನ್ನು ಹುಡುಕೋಣ. ಒಂದು, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿರುವ ಲಾಂಗ್‌ಯರ್‌ಬ್ಯೆನ್. ಮತ್ತೊಂದು, ಅಲಾಸ್ಕದ ಉತ್ತರದ ತುದಿಯಲ್ಲಿರುವ, ಹಿಂದೆ ಬ್ಯಾರೋ ಎನಿಸಿಕೊಂಡಿದ್ದ ಉಟ್ಕಿಯಾಗ್ವಿಕ್. ಎರಡೂ ಕೆಲವೇ ಸಾವಿರ ಜನರಿರುವ ಊರುಗಳು. ಎರಡಕ್ಕೂ ಒಂದೊಂದು ಸಣ್ಣ ವಿಮಾನನಿಲ್ದಾಣವುಂಟು. ಇವುಗಳ ನಡುವೆ ನಿಯತವಾದ ವಿಮಾನಸಂಚಾರವಿಲ್ಲ. ಆದರೂ ಒಂದು ವಿಮಾನ ಹೊರಟಿತೆನ್ನಿ. ಎಷ್ಟು ದೂರಕ್ಕೆ ಇಂಧನ ತುಂಬಬೇಕು? ನಡುವೆ ಇರುವುದು ಹಿಮಗಡ್ಡೆ ತೇಲುವ ಸಮುದ್ರ. ಲೆಕ್ಕ ತಪ್ಪಿದರೆ ಇಳಿಯಲು ನೆಲವಿಲ್ಲ.

ಭೂಪಟದ ಮೇಲೆ ಅಡಿಪಟ್ಟಿಯಿಟ್ಟು ಗೆರೆಯೆಳೆದರೆ ಅದು ಗ್ರೀನ್‌ಲೆಂಡನ್ನೂ ಕೆನಡಾದ ದ್ವೀಪಗಳನ್ನೂ ಹಾಯ್ದು ಬಹುದೂರ ಸಾಗುತ್ತದೆ. ಈ ಗೆರೆಯನ್ನು ನಂಬಲಾಗದು. ಸಮಭಾಜಕ ವೃತ್ತದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ 111 ಕಿಲೋಮೀಟರು. 75ನೆಯ ಅಕ್ಷಾಂಶದಲ್ಲಿ ಅದು ಕೇವಲ 29. ಚಪ್ಪಟೆಯ ಕಾಗದವಾದರೋ ಎರಡನ್ನೂ ಒಂದೇ ಅಗಲವಾಗಿ ತೋರಿಸುತ್ತದೆ. 75ನೆಯ ಅಕ್ಷಾಂಶಕ್ಕೆ ಇಳಿದು, ಅದರ ಗುಂಟ ಪಶ್ಚಿಮಕ್ಕೆ ಹಾರಿ, ಮತ್ತೆ ದಕ್ಷಿಣಕ್ಕೆ ಇಳಿದರೆ ದಾರಿ 5,700 ಕಿಲೋಮೀಟರನ್ನು ಮೀರುತ್ತದೆ.

ಈಗ ಭೂಗೋಳವನ್ನೇ ಕೈಗೆತ್ತಿಕೊಂಡು ಎರಡು ಊರುಗಳ ನಡುವೆ ದಾರವನ್ನು ಬಿಗಿದು ಹಿಡಿಯೋಣ. ದಾರವು ಉತ್ತರಧ್ರುವದ ಪಕ್ಕದಲ್ಲಿಯೇ ಹಾದುಹೋಗುವುದು! ಇದೇ ಮಹಾವೃತ್ತದ ದಾರಿ. ಲಾಂಗ್‌ಯರ್‌ಬ್ಯೆನ್ ಧ್ರುವದಿಂದ 11 ಡಿಗ್ರಿ 45 ಮಿನಿಟು, ಉಟ್ಕಿಯಾಗ್ವಿಕ್ 18 ಡಿಗ್ರಿ 43 ಮಿನಿಟು ದೂರದಲ್ಲಿವೆ. ಕೂಡಿದರೆ 30 ಡಿಗ್ರಿ 28 ಮಿನಿಟು. ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲಿ. ಆದುದರಿಂದ 1,828 ಮೈಲಿ, ಅಂದರೆ 3,385 ಕಿಲೋಮೀಟರು. ರೇಖಾಂಶಗಳ ಅಂತರ ಪೂರ್ಣ 180 ಡಿಗ್ರಿಯಾಗಿರದೆ 172 ಚಿಲ್ಲರೆಯಾಗಿರುವುದರಿಂದ ನೇರದಾರಿ ಧ್ರುವದಿಂದ ಸುಮಾರು 110 ಕಿಲೋಮೀಟರು ಬದಿಗೆ ಸರಿಯುತ್ತದೆ. ಉಳಿತಾಯ ಏಳೆಂಟು ಕಿಲೋಮೀಟರು ಮಾತ್ರ. ಭೂಮಿಯು ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದರಿಂದ ಅಲ್ಲಿನ ಡಿಗ್ರಿ ಕೊಂಚ ಉದ್ದ. ಅದಕ್ಕಾಗಿ ಹದಿನೈದರಷ್ಟು ಕೂಡಿಸಬೇಕು. 3,400 ಎಂದಿಟ್ಟುಕೊಂಡರೆ ಸಾಕು.

1928ರ ಏಪ್ರಿಲಿನಲ್ಲಿ ಹ್ಯೂಬರ್ಟ್ ವಿಲ್ಕಿನ್ಸ್ ಮತ್ತು ಬೆನ್ ಐಲ್ಸನ್ ಎಂಬ ಸಾಹಸಿಗಳು ಒಂದೇ ಎಂಜಿನಿನ ವಿಮಾನದಲ್ಲಿ ಬ್ಯಾರೋದಿಂದ ಸ್ವಾಲ್‌ಬಾರ್ಡಿಗೆ ಹಾರಿದರು. ಅವರು ಧ್ರುವದ ದಾರಿ ಹಿಡಿಯದೆ, ಯಾರೂ ಕಾಣದಿದ್ದ ಪ್ರದೇಶವನ್ನು ನೋಡಲೆಂದು ಬಳಸಿ ಹೋದರು. ಸುಮಾರು 3,500 ಕಿಲೋಮೀಟರಿಗೆ 20 ಗಂಟೆಗೂ ಮೇಲೆ ಹಿಡಿಯಿತು. ಕೊನೆಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ, ಗುರಿಯ ಹತ್ತಿರದ ನಿರ್ಜನ ದ್ವೀಪವೊಂದರಲ್ಲಿ ಇಳಿದು ಕಾಯಬೇಕಾಯಿತು.

ಗಂಟೆಗೆ 800 ಕಿಲೋಮೀಟರು ವೇಗದ ಜೆಟ್ ವಿಮಾನಕ್ಕೆ ಇದು ನಾಲ್ಕೂಕಾಲು ಗಂಟೆಯ ದಾರಿ. ಏರಿಳಿಯುವ ನಿಧಾನಕ್ಕೆಂದು ಅರ್ಧ ಗಂಟೆ ಸೇರಿಸೋಣ. ಇನ್ನು ಗಾಳಿ. 100 ಕಿಲೋಮೀಟರು ವೇಗದ ಗಾಳಿ ಹೋಗುವಾಗ ಎದುರಾಗಿ, ಬರುವಾಗ ಬೆನ್ನಿಗಿದ್ದರೆ ಲೆಕ್ಕ ಸರಿಹೋಗುವುದೆಂದು ಹಲವರ ಎಣಿಕೆ. ಹಾಗಿಲ್ಲ. ಹೋಗಲು 4 ಗಂಟೆ 51 ಮಿನಿಟು, ಬರಲು 3 ಗಂಟೆ 47 ಮಿನಿಟು. ಒಟ್ಟು 8 ಗಂಟೆ 38 ಮಿನಿಟು. ಗಾಳಿಯಿಲ್ಲದಿದ್ದರೆ ಎಂಟೂವರೆ ಗಂಟೆ ಸಾಕಿತ್ತು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ಅದು ಕಸಿದುಕೊಂಡುದನ್ನು ಬೆನ್ನಗಾಳಿ ಪೂರ್ತಿ ಹಿಂದಿರುಗಿಸದು.

ಗಡಿಯಾರವನ್ನು ನೋಡಿ ಕಾಲವನ್ನು ಅಳೆಯಹೊರಟರೆ ಮತ್ತೊಂದು ತಮಾಷೆ. ಚಳಿಗಾಲದಲ್ಲಿ ಅಲಾಸ್ಕದ ಗಡಿಯಾರ ಸ್ವಾಲ್‌ಬಾರ್ಡಿನದಕ್ಕಿಂತ 10 ಗಂಟೆ ಹಿಂದೆ. ಗಾಳಿಯಿಲ್ಲದ ದಿನ ಲಾಂಗ್‌ಯರ್‌ಬ್ಯೆನ್ನಿನಿಂದ ಮಧ್ಯಾಹ್ನ 12ಕ್ಕೆ ಹೊರಟ ವಿಮಾನ ಉಟ್ಕಿಯಾಗ್ವಿಕ್ಕಿನಲ್ಲಿ ಅದೇ ದಿನ ಬೆಳಿಗ್ಗೆ 6 ಗಂಟೆ 45 ಮಿನಿಟಿಗೆ ಇಳಿಯುತ್ತದೆ.