ಭರತಿಗೆ ಗಡಿಯಾರ ಗೊತ್ತಿಲ್ಲ

ನಮ್ಮ ಮನೆಯಲ್ಲಿ ಎರಡು ಗಡಿಯಾರಗಳಿವೆ. ಒಂದು ಗೋಡೆಯ ಮೇಲಿದೆ. ನಾನು ಕಾಲೇಜಿನ ಬಸ್ ಹಿಡಿಯುವುದು ಅದನ್ನು ನೋಡಿ. ಇನ್ನೊಂದು ಮನೆಯ ಹಿಂದೆ ಹರಿಯುವ ಕಾಳಿ ನದಿ. ಅಪ್ಪ ದೋಣಿ ಬಿಡುವುದು ಅದನ್ನು ನೋಡಿ. ನಾನು ಹುಟ್ಟಿದಾಗಿನಿಂದ ಈ ಎರಡಕ್ಕೂ ಜಗಳವಾಗಿದ್ದನ್ನು ಕಂಡಿರಲಿಲ್ಲ. ಕಂಡದ್ದು 2024ರ ಆಗಸ್ಟ್ 7ರ ನಂತರ.

ಅಂದು ರಾತ್ರಿ ಸುಮಾರು ಒಂದು ಗಂಟೆಯ ಹೊತ್ತಿಗೆ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡವನ್ನು ಜೋಡಿಸುವ ಹಳೆಯ ಸೇತುವೆ ಕುಸಿಯಿತು. ಗೋವಾ ಕಡೆಯಿಂದ ಬರುತ್ತಿದ್ದ ಲಾರಿಯೊಂದು ನದಿಗೆ ಬಿತ್ತು. ಪೊಲೀಸರೂ ಊರಿನ ಮೀನುಗಾರರೂ ಸೇರಿ ಅದರ ಚಾಲಕನನ್ನು ಜೀವಂತವಾಗಿ ದಡಕ್ಕೆ ತಂದರು. 41 ವರ್ಷದ ಸೇತುವೆ ಅದು. ಅಪ್ಪನಿಗೆ ಯಾರೋ ಫೋನ್ ಮಾಡಿದಾಗ ಅವರು ನಂಬಲಿಲ್ಲ. ‘ಸಂಜೆ ಅದರ ಕೆಳಗೇ ದಾಟಿ ಬಂದೆನಲ್ಲ’ ಎಂದಷ್ಟೇ ಹೇಳಿ, ಅಂಗಿ ಹಾಕಿಕೊಂಡು ಹೊರಟರು. ಬೆಳಕು ಹರಿದ ಮೇಲೆ ನಾನೂ ಹೋಗಿ ನೋಡಿದೆ. ದಿನವೂ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ಕಾಂಕ್ರೀಟು ಮುರಿದ ರೊಟ್ಟಿಯ ಹಾಗೆ ನೀರಿಗೆ ಓರೆಯಾಗಿ ಬಿದ್ದಿತ್ತು.

ಪಕ್ಕದಲ್ಲೇ ಹೊಸ ಸೇತುವೆ ಇತ್ತು. ಅದರ ಮೇಲೆ ಸಂಚಾರ ನಿಂತು, ಪರಿಶೀಲನೆಯಾಗಿ, ಮತ್ತೆ ಶುರುವಾಯಿತು. ಹೋಗುವುದಕ್ಕೂ ಬರುವುದಕ್ಕೂ ಅದೊಂದೇ ದಾರಿ. ರಾಷ್ಟ್ರೀಯ ಹೆದ್ದಾರಿ 66ರ ಲಾರಿ, ಬಸ್ಸು, ಕಾರುಗಳೆಲ್ಲ ಅಲ್ಲೇ ಸಾಲುಗಟ್ಟಿದವು. ಕಾಲೇಜಿಗೆ ತಡವಾಗಿ ಹೋದಾಗಲೆಲ್ಲ ನನ್ನ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: ‘ಬೇಗ ಆ ಹಳೆಯದನ್ನು ತೆಗೆದು ಹೊಸದು ಕಟ್ಟಬಾರದೇ?’ ಅದು ಸೇತುವೆಯ ಮೇಲಿನವರ ಪ್ರಶ್ನೆ. ಕೆಳಗಿನವರದ್ದೂ ಒಂದು ಪ್ರಶ್ನೆ ಇರಬಹುದು ಎಂದು ನನಗೆ ಹೊಳೆದಿರಲಿಲ್ಲ. ಆ ಪ್ರಶ್ನೆ ಇದ್ದದ್ದು ನಮ್ಮ ಮನೆಯಲ್ಲೇ.

ನಮ್ಮ ಮನೆ ಇರುವುದು ಸೇತುವೆಯಿಂದ ಸ್ವಲ್ಪ ಮೇಲಕ್ಕೆ, ಸದಾಶಿವಗಡದ ಕಡೆಯ ದಂಡೆಯಲ್ಲಿ. ಅಪ್ಪನದು ಎಂಜಿನ್ ಇಲ್ಲದ ಸಣ್ಣ ದೋಣಿ. ಅಳಿವೆಯ ಬಾಯಿಯ ಹತ್ತಿರ ಬಲೆ ಹಾಕಬೇಕೆಂದರೆ ಸೇತುವೆಯ ಕೆಳಗಿನಿಂದಲೇ ದಾಟಬೇಕು. ಅವಶೇಷ ತೆಗೆಯುವ ಕೆಲಸ ಶುರುವಾದ ಮೇಲೆ, ಕೆಲಸ ನಡೆಯುವ ಹೊತ್ತಿನಲ್ಲಿ ಅತ್ತ ದೋಣಿ ತರಬೇಡಿ ಎಂಬ ಮಾತು ದಂಡೆಗೆ ಬಂತು. ಯಾರು ಹೇಳಿದರು, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ದಿನ ಎಂಬುದು ಬಾಯಿಂದ ಬಾಯಿಗೆ ಬದಲಾಗುತ್ತಿತ್ತು. ಕೊನೆಗೆ ಉಳಿದ ಅರ್ಥ ಇಷ್ಟು: ಬೆಳಿಗ್ಗೆ ಕೆಲಸ ಶುರುವಾದಾಗಿನಿಂದ ಕತ್ತಲಾಗುವವರೆಗೆ ಅತ್ತ ಹೋಗಬಾರದು.

‘ಅಷ್ಟೇ ತಾನೇ? ನಸುಕಿನಲ್ಲಿ ಹೋಗಿ ಕತ್ತಲಾದ ಮೇಲೆ ಬಂದರಾಯಿತು’ ಎಂದೆ ನಾನು. ಅಪ್ಪ ನಕ್ಕರು. ‘ನದಿಗೆ ನಿನ್ನ ಟೈಮ್‌ಟೇಬಲ್ ಹೇಳಿ ಬಾ’ ಎಂದರು.

ಆಗ ಮೊದಲ ಸಲ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಎಂಜಿನ್ ಇಲ್ಲದ ದೋಣಿಗೆ ನೀರೇ ಎಂಜಿನ್. ಇಳಿತದಲ್ಲಿ ಸಮುದ್ರದ ಕಡೆಗೆ ಹೋಗಬೇಕು, ಭರತಿಯಲ್ಲಿ ಮನೆಯ ಕಡೆಗೆ ಬರಬೇಕು. ಭರತಿ ದಿನಕ್ಕೆ ಎರಡು ಸಲ ಬರುತ್ತದೆ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಗಿನ 5 ಗಂಟೆಗೆ ಭರತಿ ತುಂಬಿತು ಎನ್ನಿ. ಆಮೇಲೆ 11ರವರೆಗೆ ಇಳಿತ. ಅಪ್ಪ ಆರಾಮವಾಗಿ ಹೋಗಬಹುದು. ಆದರೆ ಮನೆಗೆ ತರುವ ಭರತಿ 11ರಿಂದ ಸಂಜೆ 5ರವರೆಗೆ. ಆಗ ದಾರಿ ಬಂದ್. ದಾರಿ ತೆರೆಯುವ ಹೊತ್ತಿಗೆ ಮತ್ತೆ ಇಳಿತ ಶುರುವಾಗಿರುತ್ತದೆ. ದಿನವಿಡೀ ದುಡಿದ ಮೈಯಲ್ಲಿ ಎದುರು ನೀರಿಗೆ ಹುಟ್ಟು ಹಾಕಬೇಕು. ಒಂದು ವಾರ ಕಳೆದರೆ ಭರತಿ ತುಂಬುವುದು 11ರ ಸುಮಾರಿಗೆ. ಆಗ ಬರುವುದು ಸುಲಭ, ಹೋಗುವುದು ಎದುರು ನೀರಿಗೆ. ಅಂದರೆ ಒಂದು ವಾರ ಬರುವಾಗ ಕಷ್ಟ, ಮುಂದಿನ ವಾರ ಹೋಗುವಾಗ ಕಷ್ಟ. ಅದೂ ಮಳೆಗಾಲದ ನೀರು. ಮೇಲೆ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟ ದಿನವಂತೂ ಇಳಿತದ ಸೆಳೆತಕ್ಕೆ ಇನ್ನಷ್ಟು ಬಲ.

ಗೋಡೆಯ ಗಡಿಯಾರ ನೋಡಿ ಮಾಡಿದ ನಿಯಮ ನದಿಯ ಗಡಿಯಾರಕ್ಕೆ ಹೊಂದಲಿಲ್ಲ. ಅಪ್ಪ ವಾರದಲ್ಲಿ ಎರಡು ಮೂರು ದಿನ ದೋಣಿ ಇಳಿಸುವುದನ್ನೇ ಬಿಟ್ಟರು. ಅಮ್ಮ ಬೈತಖೋಲ ಬಂದರಿಗೆ ಹೋಗಿ ಬೇರೆಯವರ ಮೀನು ಕೊಂಡು ಮಾರತೊಡಗಿದಳು. ‘ನಮ್ಮ ಸಿಗಡಿ’ ಎಂದು ಹೇಳಿ ಮಾರುವುದಕ್ಕೂ ‘ಬಂದರಿನ ಸಿಗಡಿ’ ಎಂದು ಹೇಳಿ ಮಾರುವುದಕ್ಕೂ ಕೈಯಲ್ಲಿ ಉಳಿಯುವ ಹಣದಲ್ಲಿ ಎಷ್ಟು ವ್ಯತ್ಯಾಸ ಎಂಬುದು ಮೀನು ಮಾರುವ ಮನೆಯವರಿಗೆ ಗೊತ್ತು.

ಇಷ್ಟು ಓದಿ ಅಪ್ಪನದೇ ಸರಿ ಎಂದು ತೀರ್ಮಾನಿಸಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ, ಆ ಒಂದು ಸಂಜೆಯವರೆಗೆ.

ರಜಾ ದಿನ. ಅಪ್ಪನ ಜೊತೆ ದೋಣಿಯಲ್ಲಿ ನಾನೂ ಇದ್ದೆ. ಮರಳುವಾಗ ಭರತಿ ಇನ್ನೂ ಬಾಕಿ ಇತ್ತು, ಬೆಳಕೂ ಸ್ವಲ್ಪ ಇತ್ತು. ಕ್ರೇನ್ ನಿಂತಿತ್ತು. ‘ಕೆಲಸ ಮುಗಿದಿರಬೇಕು, ದಾಟೋಣ’ ಎಂದರು ಅಪ್ಪ. ಕ್ರೇನ್ ಹೊತ್ತ ಬಾರ್ಜ್‌ನಿಂದ ಸಾಕಷ್ಟು ದೂರದಲ್ಲೇ ಹೊರಟೆವು. ಇದ್ದಕ್ಕಿದ್ದಂತೆ ದೋಣಿಯ ಮುಂಭಾಗ ಮೇಲೆದ್ದಿತು. ಒಂದು ಬದಿಗೆ ವಾಲಿ ನೀರು ಒಳಗೆ ನುಗ್ಗಿತು. ಬಲೆ ಜಾರಿ ಹೋಯಿತು. ಅಪ್ಪ ಹುಟ್ಟಿನಿಂದ ಏನನ್ನೋ ಒತ್ತಿ ಹಿಡಿದು ದೋಣಿಯನ್ನು ಹಿಂದಕ್ಕೆ ತಳ್ಳಿದರು. ನೀರಿನೊಳಗಿನಿಂದ ಹಸ್ತದಷ್ಟು ಮೇಲೆ ಬಂದು ಮತ್ತೆ ಮುಳುಗಿದ್ದು ಒಂದು ಉಕ್ಕಿನ ಹಗ್ಗ.

ಬಾರ್ಜ್ ನೀರಿನ ಮೇಲೆ ಸುಮ್ಮನೆ ನಿಂತಿರುವುದಿಲ್ಲ. ನಾಲ್ಕೂ ದಿಕ್ಕಿಗೆ ದೂರ ದೂರ ಲಂಗರು ಹಾಕಿ, ಉಕ್ಕಿನ ಹಗ್ಗಗಳಿಂದ ಅದನ್ನು ಬಿಗಿದಿರುತ್ತಾರೆ. ಹಗ್ಗ ಓರೆಯಾಗಿ ನೀರಿನೊಳಗೆ ಇಳಿಯುತ್ತದೆ. ಬಾರ್ಜ್ ಸ್ವಲ್ಪ ಅಲುಗಿದರೂ ಸಡಿಲವಾಗಿ ಮುಳುಗಿದ್ದ ಹಗ್ಗ ಬಿಗಿಯಾಗಿ ಮೇಲೇಳುತ್ತದೆ. ದೊಡ್ಡ ದೋಣಿಯೊಂದು ವೇಗವಾಗಿ ಹೋದರೆ ಏಳುವ ಅಲೆಗೂ ಬಾರ್ಜ್ ಅಲುಗುತ್ತದೆ. ಆಗ ಕ್ರೇನಿನಲ್ಲಿ ತೂಗುತ್ತಿರುವ ಕಾಂಕ್ರೀಟು ತುಂಡು ಕೆಳಗಿನ ಕಾರ್ಮಿಕರ ತಲೆಯ ಮೇಲೆ ಜೋಲಿ ಹೊಡೆಯುತ್ತದೆ. ಇನ್ನು ನೀರಿನಡಿ ಬಿದ್ದ ಕಾಂಕ್ರೀಟಿನಿಂದ ಚಾಚಿಕೊಂಡ ಕಬ್ಬಿಣದ ಸರಳುಗಳಿಗೆ ಬಲೆಯೂ ಒಂದೇ, ದೋಣಿಯ ತಳವೂ ಒಂದೇ. ದೋಣಿ ತಡೆಯುವುದು ದರ್ಪಕ್ಕಲ್ಲ ಎಂದು ಆ ಸಂಜೆ ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಕುಳಿತಾಗ ನನಗೆ ಅರ್ಥವಾಯಿತು.

ಬಾರ್ಜ್ ಮೇಲಿದ್ದ ಕಾರ್ಮಿಕನೊಬ್ಬ ಟಾರ್ಚ್ ಬಿಟ್ಟು ಹಿಂದಿಯಲ್ಲಿ ಕೂಗುತ್ತಿದ್ದ. ನಮ್ಮನ್ನು ಬೈಯುತ್ತಿದ್ದಾನೆ ಎಂದುಕೊಂಡೆ. ನಿಜಕ್ಕೂ ಅವನು ಟಾರ್ಚಿನ ಬೆಳಕನ್ನು ನೀರಿನ ಮೇಲೆ ಎಳೆಯುತ್ತಾ, ಹಗ್ಗ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ತೋರಿಸುತ್ತಿದ್ದ. ಆ ಬೆಳಕಿನ ಗೆರೆ ಹಿಡಿದೇ ನಾವು ಸುತ್ತಿ ಬಂದೆವು.

ಮನೆಗೆ ಬಂದ ಮೇಲೆ ಅಮ್ಮನ ಬೈಗುಳ ಮುಗಿಯುವವರೆಗೂ ಅಪ್ಪ ಮಾತಾಡಲಿಲ್ಲ. ಆಮೇಲೆ ಹೇಳಿದರು: ‘ಹೋಗಬೇಡ ಅಂದರು. ಹಗ್ಗ ಇದೆ ಅನ್ನಲಿಲ್ಲ.’

ಈ ಮಾತನ್ನು ಹಡಗಿನಲ್ಲಿ ಕೆಲಸ ಮಾಡುವ ನನ್ನ ಮಾವನ ಮಗನಿಗೆ ಫೋನಿನಲ್ಲಿ ಹೇಳಿದೆ. ಅವನು ಹೇಳಿದ ವಿಷಯ ನನಗೆ ಹೊಸದು. ನೀರಿನಡಿಯ ಕೆಲಸದಲ್ಲಿ ತೊಡಗಿದ ಹಡಗು ಹಗಲಿನಲ್ಲಿ ಮೂರು ಕಪ್ಪು ಆಕೃತಿಗಳನ್ನು ಒಂದರ ಕೆಳಗೊಂದು ನೇತುಹಾಕಬೇಕಂತೆ: ಚೆಂಡು, ವಜ್ರಾಕೃತಿ, ಚೆಂಡು. ರಾತ್ರಿಯಾದರೆ ಕೆಂಪು, ಬಿಳಿ, ಕೆಂಪು ದೀಪ. ಅಷ್ಟೇ ಅಲ್ಲ. ಯಾವ ಬದಿಯಲ್ಲಿ ಅಡ್ಡಿ ಇದೆಯೋ ಆ ಬದಿಗೆ ಎರಡು ಚೆಂಡು ಅಥವಾ ಎರಡು ಕೆಂಪು ದೀಪ. ಯಾವ ಬದಿಯಲ್ಲಿ ದಾಟಬಹುದೋ ಆ ಬದಿಗೆ ಎರಡು ವಜ್ರಾಕೃತಿ ಅಥವಾ ಎರಡು ಹಸಿರು ದೀಪ. ಸಮುದ್ರದಲ್ಲಿ ಹಡಗುಗಳು ಡಿಕ್ಕಿಯಾಗದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಇದು ಇದೆ. ನನಗೆ ಇಷ್ಟವಾದದ್ದು ಆ ಹಸಿರು ದೀಪ. ಎಲ್ಲಿ ಹೋಗಬೇಡ ಎಂದು ಹೇಳುವ ನಿಯಮ, ಎಲ್ಲಿ ಹೋಗಬಹುದು ಎಂಬುದನ್ನೂ ಹೇಳುತ್ತದೆ.

ಅವನೇ ಬಾಲ್ಟಿಮೋರ್ ಕಥೆಯನ್ನೂ ನೆನಪಿಸಿದ. ಕಾಳಿ ಸೇತುವೆ ಬೀಳುವ ನಾಲ್ಕು ತಿಂಗಳ ಹಿಂದೆ, 2024ರ ಮಾರ್ಚ್ 26ರಂದು, ಅಮೆರಿಕದ ಆ ಬಂದರಿನಲ್ಲಿ ‘ಡಾಲಿ’ ಎಂಬ ಸರಕು ಹಡಗು ಡಿಕ್ಕಿ ಹೊಡೆದು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಉರುಳಿತು. ಸೇತುವೆಯ ಮೇಲಿದ್ದ ಆರು ಕಾರ್ಮಿಕರು ಸತ್ತರು. ಹಡಗಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರಾದ್ದರಿಂದ ಆ ಸುದ್ದಿ ನಮ್ಮ ಕರಾವಳಿಯ ಮನೆಗಳಲ್ಲೂ ಆತಂಕ ತಂದಿತ್ತು. ಹಡಗು ಮಾರ್ಗ ಪೂರ್ತಿ ತೆರೆದದ್ದು ಜೂನ್ 10ಕ್ಕೆ. ಆದರೆ ಅಲ್ಲಿಯವರೆಗೆ ಎಲ್ಲರನ್ನೂ ಕಾಯಿಸಲಿಲ್ಲ. ಸೇತುವೆ ಬಿದ್ದ ಒಂದು ವಾರದೊಳಗೆ, ಏಪ್ರಿಲ್ 1ಕ್ಕೆ, ಸುಮಾರು 11 ಅಡಿ ಆಳದ ತಾತ್ಕಾಲಿಕ ದಾರಿಯೊಂದನ್ನು ಗುರುತು ಹಾಕಿ ತೆರೆದರು. ದೊಡ್ಡ ಹಡಗಿಗೆ ಅದು ಸಾಲದು. ಕೆಲಸಕ್ಕೆ ಬೇಕಾದ ಬಾರ್ಜ್, ಟಗ್‌ಗಳಂಥ ಸಣ್ಣವಕ್ಕೆ ಸಾಕು. ಆಮೇಲೆ ಇನ್ನಷ್ಟು ಆಳದ ದಾರಿಗಳನ್ನು ಒಂದೊಂದಾಗಿ ತೆರೆದರು. ಅಷ್ಟು ದೊಡ್ಡ ಬಂದರಿಗೂ ನಮ್ಮ ನದಿಗೂ ಹೋಲಿಕೆ ಇಲ್ಲ, ನಿಜ. ಆದರೆ ಅಪ್ಪನ ದೋಣಿಗೆ 11 ಅಡಿ ಆಳವೂ ಬೇಡ. ಸೊಂಟದವರೆಗೆ ನೀರಿದ್ದರೆ ಸಾಕು.

ನಮ್ಮಲ್ಲಿ ಆದದ್ದು ಇನ್ನೂ ಸಣ್ಣದು. ಎರಡು ದಿನ ಬಿಟ್ಟು ಅಪ್ಪ ಬಲೆಗೆ ಕಟ್ಟುವ ಖಾಲಿ ಪ್ಲಾಸ್ಟಿಕ್ ಕ್ಯಾನುಗಳನ್ನು ದೋಣಿಯಲ್ಲಿ ತುಂಬಿಕೊಂಡು ಬಾರ್ಜ್ ಹತ್ತಿರ ಹೋದರು. ಟಾರ್ಚ್ ತೋರಿಸಿದ ಆ ಕಾರ್ಮಿಕನಿಗೆ ಕನ್ನಡ ಬಾರದು, ಕೊಂಕಣಿಯೂ ಬಾರದು. ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ಕ್ಯಾನು ನೋಡಿದೊಡನೆ ಅವನಿಗೆ ವಿಷಯ ತಿಳಿಯಿತು. ಹಗ್ಗಗಳು ನೀರಿಗಿಳಿಯುವ ಜಾಗದಲ್ಲಿ, ಲಂಗರಿನ ತಲೆಯ ಮೇಲೆ ಬಿಳಿ ಕ್ಯಾನುಗಳು ತೇಲಿದವು. ಅವರ ಊಟದ ಹೊತ್ತಿನಲ್ಲಿ ಕ್ರೇನ್ ಒಂದು ಗಂಟೆ ನಿಲ್ಲುತ್ತದೆ ಎಂಬುದೂ ಆಗಲೇ ತಿಳಿದದ್ದು. ಆ ಒಂದು ಗಂಟೆ ಭರತಿಯ ಹೊತ್ತಿಗೆ ಕೂಡಿ ಬಂದ ದಿನಗಳಲ್ಲಿ, ಅವನು ಕೈಬೀಸಿದ ಮೇಲೆ, ನಾಲ್ಕಾರು ಸಣ್ಣ ದೋಣಿಗಳು ಕ್ಯಾನುಗಳ ಆಚೆ ಬದಿಯಿಂದ ದಾಟತೊಡಗಿದವು. ಎಲ್ಲ ದಿನವೂ ಅಲ್ಲ. ಹೋದ ಬಲೆಯ ಹಣ ಯಾರೂ ಕೊಡಲಿಲ್ಲ. ಆದರೆ ಮತ್ತೆ ಯಾರ ದೋಣಿಯೂ ಹಗ್ಗಕ್ಕೆ ಸಿಗಲಿಲ್ಲ.

ಅಜ್ಜಿಗೆ ಇದೆಲ್ಲ ಹೇಳಿದರೆ ಅವಳು ತನ್ನ ಕಾಲದ ಕಥೆ ತೆಗೆಯುತ್ತಾಳೆ. ಸೇತುವೆ ಇಲ್ಲದ ಕಾಲದಲ್ಲಿ ಕೋಡಿಬಾಗಕ್ಕೆ ತಾರಿಯಲ್ಲಿ ಹೋಗಬೇಕಿತ್ತು. ಬಸುರಿಯರು, ಜ್ವರದ ಮಕ್ಕಳು, ಪೇಟೆಗೆ ಹೋಗುವ ತರಕಾರಿ ಬುಟ್ಟಿ ಎಲ್ಲವೂ ದೋಣಿಯ ಮೇಲೆ. ಸೇತುವೆ ಬಂದ ದಿನ ಊರಿಗೆ ಹಬ್ಬ. ‘ಆದರೆ ತಾರಿ ನಡೆಸುವವರ ಮನೆಯಲ್ಲಿ ಹಬ್ಬ ಇರಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲ’ ಎನ್ನುತ್ತಾಳೆ. ಸೇತುವೆ ಬೇಡವಾಗಿತ್ತೇ ಎಂದರೆ, ‘ಹಾಗೆಲ್ಲಿ ಹೇಳಿದೆ? ಕೇಳಬೇಕಿತ್ತು ಅಂದೆ’ ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ.

ಸೇತುವೆ ನನಗೂ ಬೇಕು. ನಾಳೆ ಕೆಲಸ ಸಿಕ್ಕಿದರೆ ನಾನು ದಿನವೂ ದಾಟುವುದು ಅದರ ಮೇಲೆಯೇ. ಹಳೆಯದನ್ನು ತೆಗೆದು ಹೊಸದು ಕಟ್ಟುವಾಗ ಕೆಳಗೆ ದೋಣಿ ತಡೆಯಲೇಬೇಕಾಗುತ್ತದೆ. ಅದು ದೋಣಿಯವರ ಜೀವಕ್ಕೂ ಒಳ್ಳೆಯದು, ಮನೆ ಬಿಟ್ಟು ದೂರದಿಂದ ಬಂದು ದುಡಿಯುವ ಆ ಕಾರ್ಮಿಕರ ಜೀವಕ್ಕೂ ಒಳ್ಳೆಯದು. ನಾನು ಕೇಳುವುದು ಮೂರೇ ಸಂಗತಿ. ತಡೆಯುವ ಹೊತ್ತನ್ನು ಭರತಿ-ಇಳಿತದ ಪಟ್ಟಿ ಎದುರಿಗಿಟ್ಟುಕೊಂಡು ಗೊತ್ತುಮಾಡಿ. ಆ ಪಟ್ಟಿ ವರ್ಷಕ್ಕೆ ಮೊದಲೇ ಸಿಗುತ್ತದೆ. ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಕಚೇರಿಯ ಗೋಡೆಗಲ್ಲ, ದೋಣಿ ಕಟ್ಟುವ ದಂಡೆಯಲ್ಲಿ ಹಾಕಿ. ಮತ್ತು ಕೆಂಪು ಬಾವುಟದ ಜೊತೆಗೆ ಒಂದು ಹಸಿರು ಬಾವುಟವನ್ನೂ ನೆಡಿ. ಇದಕ್ಕೆಲ್ಲ ಆಗುವ ಖರ್ಚು ಒಂದು ಬಲೆಯ ಬೆಲೆಗಿಂತ ಹೆಚ್ಚಲ್ಲ.

ನಿನ್ನೆ ಸಂಜೆ ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಯಾವತ್ತು ಎಂದು ನೋಡುತ್ತಿದ್ದರು. ನಾನು ಮೊಬೈಲಿನಲ್ಲಿ ಭರತಿಯ ಸಮಯ ನೋಡಿ ಹೇಳಿದೆ. ಅವರು ಹಿತ್ತಲಿಗೆ ಹೋಗಿ ನೀರು ನೋಡಿ ಬಂದು, ‘ಹತ್ತು ನಿಮಿಷ ತಪ್ಪು’ ಎಂದರು.