ಶುಂಠಿಯ ಬೇರನ್ನು ಅರಸಿ ಈಜುವ ರೋಗಾಣು

ಮುಂಗಾರು ಹಿಡಿದು ನಾಲ್ಕಾರು ದಿನ ಎಡೆಬಿಡದೆ ಮಳೆ ಸುರಿದರೆ ಸೊರಬ, ಶಿಕಾರಿಪುರದ ಶುಂಠಿ ಬೆಳೆಗಾರರಿಗೆ ಗೆಡ್ಡೆ ಕೊಳೆರೋಗದ ಚಿಂತೆ ಹತ್ತುತ್ತದೆ. ಕೆಳಗಿನ ಎಲೆಗಳ ತುದಿ ಹಳದಿಯಾಗುತ್ತದೆ. ಕಾಂಡದ ಬುಡ ಮೆತ್ತಗಾಗಿ, ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ. ಒಂದು ಮಡಿಯಲ್ಲಿ ಕಂಡ ರೋಗ ಪಕ್ಕದ ಮಡಿಗೂ ಹಬ್ಬುತ್ತದೆ. ಕಾಲಿಲ್ಲದ ರೋಗಾಣು ಅಲ್ಲಿಗೆ ಹೋಗುವುದು ಹೇಗೆ?

ಈ ರೋಗಕ್ಕೆ ಕಾರಣ ಪಿಥಿಯಂ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ. ಮಣ್ಣಿನಲ್ಲಿ ನೀರು ನಿಂತಾಗ ಇದು ಈಜಬಲ್ಲ ಬೀಜಾಣುಗಳನ್ನು ಹೊರಬಿಡುತ್ತದೆ. ಒಂದು ಬೀಜಾಣುವಿನ ಗಾತ್ರ ಸುಮಾರು ಮಿಲಿಮೀಟರಿನ 100ನೆಯ ಒಂದು ಭಾಗ. ಅದಕ್ಕೆ ಕೂದಲಿನಂಥ ಎರಡು ಬಾಲಗಳುಂಟು. ಅವನ್ನು ಬಡಿಯುತ್ತ ಮಣ್ಣಿನ ಕಣಗಳ ನಡುವಿನ ನೀರಿನಲ್ಲಿ ಅದು ಈಜುತ್ತದೆ.

ಕಣ್ಣಿಲ್ಲದ ಈ ಜೀವಿಗೆ ದಾರಿ ತೋರಿಸುವುದು ಶುಂಠಿಯ ಬೇರೇ. ಬೆಳೆಯುವ ಬೇರು ಸಕ್ಕರೆ, ಅಮೈನೋ ಆಮ್ಲ ಮುಂತಾದುವನ್ನು ಒಸರುತ್ತದೆ. ಬೇರಿಗೆ ಹತ್ತಿರವಾದಷ್ಟೂ ನೀರಿನಲ್ಲಿ ಇವುಗಳ ಪ್ರಮಾಣ ಹೆಚ್ಚು. ಬೆಲ್ಲದ ಜಾಡು ಹಿಡಿದ ಇರುವೆಯಂತೆ ಬೀಜಾಣು ಅತ್ತ ತಿರುಗುತ್ತದೆ. ಬೇರಿನ ಸುತ್ತ ಇರುವ ಅತಿ ಕ್ಷೀಣ ವಿದ್ಯುತ್ತನ್ನೂ ಅದು ಗುರುತಿಸಬಲ್ಲದು. ಬೇರಿನ ಎಳೆಯ ಭಾಗ ಅಥವಾ ಗಾಯ ಸಿಕ್ಕೊಡನೆ ಬಾಲ ಕಳಚಿ, ಅಂಟಿಕೊಂಡು, ಮೊಳೆತು ಒಳನುಗ್ಗುತ್ತದೆ.

ಸ್ವಂತ ಬಲದಿಂದ ಬೀಜಾಣು ಈಜುವುದು ಕೆಲವೇ ಸೆಂಟಿಮೀಟರು. ಮಡಿಯಿಂದ ಮಡಿಗೆ ಅದನ್ನು ಸಾಗಿಸುವುದು ಹರಿಯುವ ನೀರು. ಆದ್ದರಿಂದ ನೀರನ್ನು ಬಸಿದು ಹಾಕುವುದೇ ಅದರ ದಾರಿ ಕಡಿಯುವ ಮೊದಲ ಉಪಾಯ. ರೈತ ಬಾಂಧವರು ಈ ಕ್ರಮಗಳನ್ನು ಅನುಸರಿಸಬೇಕು:

1. ನೀರು ನಿಲ್ಲುವ ತಗ್ಗಿನ ಜಮೀನಿನಲ್ಲಿ ಶುಂಠಿ ಹಾಕಬೇಡಿ. ಏರುಮಡಿ ಮಾಡಿ, ನಡುವೆ ಬಸಿಗಾಲುವೆ ತೆಗೆಯಿರಿ. ಮಳೆಗಾಲದಲ್ಲಿ ಕಾಲುವೆಯ ಹೂಳು ಎತ್ತುತ್ತಿರಿ.

2. ರೋಗಾಣು ಬಿತ್ತನೆ ಗೆಡ್ಡೆಯಲ್ಲೂ ಉಳಿಯುತ್ತದೆ. ರೋಗವಿಲ್ಲದ ತಾಕಿನಿಂದಲೇ ಗೆಡ್ಡೆ ಆರಿಸಿ. ಲೀಟರು ನೀರಿಗೆ 3 ಗ್ರಾಂ ಮ್ಯಾಂಕೊಜೆಬ್ ಬೆರೆಸಿ, 30 ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿ ನೆಡಿ.

3. ರೋಗ ಕಂಡ ಗಿಡವನ್ನು ಗೆಡ್ಡೆಸಹಿತ ಅಗೆದು, ಹೊಲದಿಂದ ಹೊರಗೆ ಸಾಗಿಸಿ ನಾಶಪಡಿಸಿ. ಕಾಲುವೆಗೆ ಎಸೆದರೆ ಕೆಳಗಿನ ಮಡಿಗಳಿಗೆ ನೀವೇ ರೋಗ ಕಳುಹಿಸಿದಂತೆ. ಆ ಜಾಗಕ್ಕೂ ಸುತ್ತಲಿನ ಮಡಿಗಳಿಗೂ ಇದೇ ದ್ರಾವಣವನ್ನು ಮಣ್ಣು ನೆನೆಯುವಂತೆ ಸುರಿಯಿರಿ.

4. ಕಳೆ ಕೀಳುವಾಗ, ಮಣ್ಣು ಏರಿಸುವಾಗ ಬೇರು, ಗೆಡ್ಡೆಗಳಿಗೆ ಗಾಯ ಮಾಡಬೇಡಿ. ರೋಗದ ಮಡಿಯಲ್ಲಿ ಬಳಸಿದ ಗುದ್ದಲಿಯನ್ನು ತೊಳೆಯದೆ ಬೇರೆ ಮಡಿಗೆ ಒಯ್ಯಬೇಡಿ.

ಕೊಳೆತ ಗೆಡ್ಡೆಯನ್ನು ಯಾವ ಔಷಧವೂ ಮರಳಿ ಗಟ್ಟಿ ಮಾಡಲಾರದು. ಮಳೆಗೆ ಮುನ್ನ ಕಾಲುವೆ ತೆಗೆಯಲು ಕೊಡುವ ಒಂದು ದಿನದ ಕೂಲಿ ಇಡೀ ವರ್ಷದ ಬೆಳೆಯನ್ನು ಉಳಿಸೀತು.